ಸೋಫಾ ಫ್ರೀ, ಟ್ರಕ್ ಫ್ರೀ ಅಲ್ಲ: ಅಮೆರಿಕದಲ್ಲಿ ಚಾರಿಟಿಯಿಂದ ಮನೆ ಸಾಮಾನು ಸಿಗುವುದು ಹೇಗೆ

ಹೋದ ವರ್ಷ ಆಗಸ್ಟ್‌ನಲ್ಲಿ ಚಿಕ್ಕಮ್ಮನ ಮಗ ಫೋನ್ ಮಾಡಿದ. ಎಂ.ಎಸ್. ಓದಲು ಅಮೆರಿಕಕ್ಕೆ ಬಂದು ಇನ್ನೂ ಹದಿನೈದು ದಿನ. ಮೂರು ಜನ ಹುಡುಗರು ಸೇರಿ ಮನೆ ಹಿಡಿದಿದ್ದರು. ಮನೆಯಲ್ಲಿ ಒಲೆ ಇದೆ, ಫ್ರಿಜ್ ಇದೆ, ಬೇರೆ ಏನೂ ಇಲ್ಲ. ಊರಿಂದ ತಂದ ಎರಡು ಸೂಟ್‌ಕೇಸ್ ಒಂದರ ಮೇಲೊಂದು ಇಟ್ಟು ಅದನ್ನೇ ಮೇಜು ಮಾಡಿಕೊಂಡಿದ್ದ. "ಅಕ್ಕಾ, ಇಲ್ಲಿ ಫರ್ನಿಚರ್ ಬ್ಯಾಂಕ್ ಅಂತ ಇದೆಯಂತೆ. ಮಂಚ, ಸೋಫಾ, ಪಾತ್ರೆ ಎಲ್ಲಾ ಫ್ರೀಯಾಗಿ ಕೊಡ್ತಾರಂತೆ. ನಾವೂ ಹೋಗಿ ತಗೊಂಡು ಬರ್ಲಾ?"

"ಹೋದ್ರೆ ವಾಪಸ್ ಕಳಿಸ್ತಾರೆ ಕಣೋ," ಅಂದೆ. ಪಾಪ, ಬೇಜಾರಾಯಿತು ಅವನಿಗೆ.

ನಾನಿರುವುದು ಬಾಸ್ಟನ್ ಕಡೆ. ಇಲ್ಲಿನ ಒಂದು ಫರ್ನಿಚರ್ ಬ್ಯಾಂಕ್‌ಗೆ ಶನಿವಾರ ಬೆಳಗ್ಗೆ ಹೋಗಿ ಕೈಲಾದಷ್ಟು ಕೆಲಸ ಮಾಡುತ್ತೇನೆ. ಬಂದ ಕುರ್ಚಿ ಒರೆಸುವುದು, ತಟ್ಟೆ ಲೋಟ ಜೋಡಿಸುವುದು, ಬಂದವರ ಜೊತೆ ಸುತ್ತಾಡಿ ಅವರು ಆರಿಸಿದ್ದನ್ನು ಬರೆದುಕೊಳ್ಳುವುದು, ಇಷ್ಟೇ. ಅಲ್ಲಿ ನಿಂತು ನೋಡಿದ ಮೇಲೆ ಗೊತ್ತಾಗಿದ್ದು ಏನೆಂದರೆ, ಹೊರಗಿನವರಿಗೆ ಇದೆಲ್ಲಾ "ಚಾರಿಟಿ" ಅಂತ ಒಂದೇ ಥರ ಕಂಡರೂ ಒಳಗೆ ಬೇರೆ ಬೇರೆ ಬಾಗಿಲುಗಳಿವೆ. ಒಂದು ಬಾಗಿಲಿಗೆ ಇನ್ನೊಬ್ಬರು ನಿಮ್ಮ ಹೆಸರು ಬರೆದು ಕಳಿಸಬೇಕು. ಇನ್ನೊಂದಕ್ಕೆ ಚೀಟಿ ಬೇಕು. ಮತ್ತೊಂದಕ್ಕೆ ಏನೂ ಬೇಡ, ಬೆಳಗ್ಗೆ ಬೇಗ ಎದ್ದರೆ ಸಾಕು. ತಪ್ಪು ಬಾಗಿಲು ತಟ್ಟಿ, ಇಲ್ಲ ಅನ್ನಿಸಿಕೊಂಡು, ಇದೆಲ್ಲಾ ಬರೀ ಬೊಗಳೆ ಅಂತ ಬಿಟ್ಟುಬಿಡುವವರೇ ಜಾಸ್ತಿ.

ಅದಕ್ಕೂ ಮೊದಲು ಒಂದು ಪ್ರಶ್ನೆ. ಇಷ್ಟೊಂದು ಸಾಮಾನು ಸುಮ್ನೆ ಕೊಡುವುದಾದರೂ ಯಾಕೆ?

ನಮ್ಮಲ್ಲಿ ಹಳೇ ಮಂಚ ಎಲ್ಲಿಗೆ ಹೋಗುತ್ತದೆ ಹೇಳಿ. ಮೊದಲು ಅಟ್ಟಕ್ಕೆ. ಆಮೇಲೆ ಹೊಸದಾಗಿ ಮನೆ ಮಾಡಿದ ತಮ್ಮನ ಮನೆಗೆ, ಅಲ್ಲಿಂದ ಕೆಲಸದವರ ಮನೆಗೆ. ಕಾಲು ಮುರಿದರೂ ಗುಜರಿಯವನು ಬಂದು ಐವತ್ತೋ ನೂರೋ ಕೊಟ್ಟೇ ಎತ್ತಿಕೊಂಡು ಹೋಗುತ್ತಾನೆ. ಅಮೆರಿಕದಲ್ಲಿ ಈ ದಾರಿಯೇ ಇಲ್ಲ. ಕೂಲಿ ಎಷ್ಟು ದುಬಾರಿ ಅಂದರೆ ಹಳೇ ಸೋಫಾ ಸಾಗಿಸುವ ಖರ್ಚು ಸೋಫಾದ ಬೆಲೆಗಿಂತ ಜಾಸ್ತಿ. ಹೊತ್ತು ಹಾಕಲು ನೀವೇ ದುಡ್ಡು ಕೊಡಬೇಕು. ಅಲ್ಲಿನ ಪರಿಸರ ಇಲಾಖೆ ಇಪಿಎ ಲೆಕ್ಕದ ಪ್ರಕಾರ 2018ರ ಒಂದೇ ವರ್ಷದಲ್ಲಿ ಕಸಕ್ಕೆ ಬಂದ ಫರ್ನಿಚರ್ 1.21 ಕೋಟಿ ಟನ್. ಅದರಲ್ಲಿ ಶೇಕಡಾ 80ರಷ್ಟು ಹೋಗಿದ್ದು ಸೀದಾ ಕಸದ ಗುಂಡಿಗೆ. ನಮ್ಮ ಮ್ಯಾಸಚೂಸೆಟ್ಸ್‌ನಲ್ಲಂತೂ 2022ರ ನವೆಂಬರ್ 1ರಿಂದ ಹಾಸಿಗೆಯನ್ನು ಮಾಮೂಲಿ ಕಸಕ್ಕೆ ಹಾಕುವ ಹಾಗೇ ಇಲ್ಲ.

ಹಾಗಾಗಿ ಮನೆ ಖಾಲಿ ಮಾಡುವವರಿಗೆ ಯಾರಾದರೂ ತಗೊಂಡು ಹೋದರೆ ಸಾಕಾಗಿರುತ್ತದೆ. ಜೊತೆಗೆ ತೆರಿಗೆಯ ಆಸೆಯೂ ಇದೆ. ನೋಂದಾಯಿತ ಚಾರಿಟಿಗೆ ಸಾಮಾನು ಕೊಟ್ಟರೆ, ವಿವರವಾಗಿ ಲೆಕ್ಕ ತೋರಿಸುವವರು ಅದರ ಬೆಲೆಯನ್ನು ಆದಾಯದಿಂದ ಕಳೆಯಬಹುದು. ಆದರೆ 2006ರ ಕಾನೂನಿನ ನಂತರ ಸಾಮಾನು ಬಳಸಲು ಯೋಗ್ಯವಾಗಿ, ಒಳ್ಳೆಯ ಸ್ಥಿತಿಯಲ್ಲಿ ಇರಬೇಕು. ಈ ಕಾರಣಗಳಿಂದ ಕೊಡುವವರಿಗೆ ಬರವಿಲ್ಲ. ಬರ ಇರುವುದು ಟ್ರಕ್‌ಗೆ, ಗೋಡೌನ್‌ಗೆ, ಹೊರುವ ಕೈಗಳಿಗೆ. ಇದೊಂದು ತಲೆಯಲ್ಲಿದ್ದರೆ ಮುಂದಿನದೆಲ್ಲಾ ಸುಲಭವಾಗಿ ಅರ್ಥವಾಗುತ್ತದೆ.

ಹೆಸರು ಬರೆದು ಕಳಿಸಬೇಕಾದ ಬಾಗಿಲು

ಫರ್ನಿಚರ್ ಬ್ಯಾಂಕ್ ಅಂದರೆ ಸಾಲ ಕೊಡುವ ಬ್ಯಾಂಕ್ ಅಲ್ಲ, ಬಾಡಿಗೆಗೆ ಕೊಡುವ ಅಂಗಡಿಯೂ ಅಲ್ಲ. ಒಂದು ದೊಡ್ಡ ಗೋಡೌನ್. ಜನ ಕೊಟ್ಟ ಸಾಮಾನು ಅಲ್ಲಿಗೆ ಬರುತ್ತದೆ, ಒರೆಸಿ ರಿಪೇರಿ ಮಾಡಿ ಇಡುತ್ತಾರೆ, ಏನೂ ಇಲ್ಲದೆ ಹೊಸ ಮನೆಗೆ ಕಾಲಿಡುತ್ತಿರುವವರಿಗೆ ಕೊಡುತ್ತಾರೆ.

ಇವು ಹುಟ್ಟಿದ ರೀತಿ ನನಗೆ ಇಷ್ಟ. ಮಿನೆಸೋಟಾದಲ್ಲಿ ಬ್ರಿಡ್ಜಿಂಗ್ ಅಂತ ಒಂದು ಸಂಸ್ಥೆ ಇದೆ. 1987ರಲ್ಲಿ ಅದನ್ನು ಶುರು ಮಾಡಿದ ಫ್ರ್ಯಾನ್ ಹೈಟ್ಸ್‌ಮನ್ ಅನ್ನುವವರು ಆಗ ಒಂದು ಚರ್ಚ್‌ನ ನಿರ್ವಹಣೆ ಕೆಲಸ ನೋಡಿಕೊಳ್ಳುತ್ತಿದ್ದರು. ಯಾರೋ ಒಂದು ಮಗುವಿನ ತೊಟ್ಟಿಲು ಮಂಚ ತಂದುಕೊಟ್ಟರು. ಚರ್ಚ್‌ಗೆ ಅದು ಬೇಕಿರಲಿಲ್ಲ. ಬೇಕಾದವರನ್ನು ಹುಡುಕಿ ಕೊಡುತ್ತೇನೆ ಅಂತ ಇಟ್ಟುಕೊಂಡರು. ಒಂದು ತೊಟ್ಟಿಲಿಂದ ಶುರುವಾಗಿ ಈಗ ಲಕ್ಷಕ್ಕೂ ಹೆಚ್ಚು ಮನೆಗಳಿಗೆ ಸಾಮಾನು ಮುಟ್ಟಿಸಿದ ಸಂಸ್ಥೆ ಅದು. ಕೆನಡಾದ ಟೊರಾಂಟೊದಲ್ಲಿ 1998ರಲ್ಲಿ ಶುರುವಾದ ಫರ್ನಿಚರ್ ಬ್ಯಾಂಕ್‌ನ ಹಿಂದೆಯೂ ಒಬ್ಬರು ಕ್ರೈಸ್ತ ಸನ್ಯಾಸಿನಿ ಇದ್ದರು, ಸಿಸ್ಟರ್ ಆನ್ ಶೆಂಕ್. ಈಗ ದೊಡ್ಡ ಊರುಗಳ ಆಸುಪಾಸಿನಲ್ಲಿ ಹುಡುಕಿದರೆ ಇಂಥದ್ದು ಒಂದಾದರೂ ಸಿಗುತ್ತದೆ.

ಇಲ್ಲಿಗೆ ಯಾರು ಬರುತ್ತಾರೆ? ಮನೆಯಿಲ್ಲದವರ ಶೆಲ್ಟರ್‌ನಲ್ಲಿ ತಿಂಗಳುಗಟ್ಟಲೆ ಇದ್ದು ಕೊನೆಗೂ ಒಂದು ಅಪಾರ್ಟ್‌ಮೆಂಟ್ ಸಿಕ್ಕವರು. ಮನೆ ಸುಟ್ಟುಹೋದವರು. ಯುದ್ಧದಿಂದ ಓಡಿ ಬಂದ ಕುಟುಂಬಗಳು. ಹೊಡೆಯುವ ಗಂಡನನ್ನು ಬಿಟ್ಟು ಬಂದ ಹೆಂಗಸರು. ಬಾಡಿಗೆಗೆ ಸರ್ಕಾರದ ಸಹಾಯ ಸಿಕ್ಕಿರಬಹುದು, ಆದರೆ ಸೆಕ್ಷನ್ 8 ವೋಚರ್ ಇದೆಯಲ್ಲ, ಅದು ಬಾಡಿಗೆಗೆ ಮಾತ್ರ, ಮಂಚಕ್ಕಲ್ಲ. ಬೀಗದ ಕೈ ಸಿಗುತ್ತದೆ, ಬಾಗಿಲು ತೆಗೆದರೆ ಬರೀ ನೆಲ. ಮಕ್ಕಳು ಜಾಕೆಟ್ ಹಾಸಿಕೊಂಡು ಮಲಗುತ್ತಾರೆ. ಚಾಪೆ ಮೇಲೆ ಮಲಗಿ ಬೆಳೆದ ನಮಗೆ ಅದರಲ್ಲೇನು ಅನ್ನಿಸಬಹುದು. ಆದರೆ ನಮ್ಮ ನೆಲ ಬೇರೆ, ಜನವರಿಯ ಬಾಸ್ಟನ್ ನೆಲ ಬೇರೆ. ಅದೂ ಅಲ್ಲದೆ ನಮಗೆ ಕನಿಷ್ಠ ಚಾಪೆ ಇತ್ತು, ಹೊದೆಯಲು ಅಜ್ಜಿಯ ಸೀರೆಯ ಕೌದಿ ಇತ್ತು, ಅಟ್ಟದ ಮೇಲೆ ಮಂಚ ಇಟ್ಟಿರುವ ಸೋದರಮಾವ ಇದ್ದ. ಇವರಿಗೆ ಆ ಸೋದರಮಾವ ಇಲ್ಲ.

ಈಗ ಮುಖ್ಯ ವಿಷಯ. ಬಹುಪಾಲು ಫರ್ನಿಚರ್ ಬ್ಯಾಂಕ್‌ಗಳಿಗೆ ನೀವೇ ನೇರವಾಗಿ ಹೋಗಿ ಕೇಳುವ ಹಾಗಿಲ್ಲ. ರೆಫರಲ್ ಬೇಕು. ನಮ್ಮೂರಲ್ಲಿ ಶಿಫಾರಸು ಅಂದರೆ ಎಂ.ಎಲ್.ಎ. ಪತ್ರ ನೆನಪಾಗುತ್ತದೆ, ಇದು ಆ ಥರದ್ದಲ್ಲ. ನಿಮ್ಮ ಪರಿಸ್ಥಿತಿ ಆಗಲೇ ಗೊತ್ತಿರುವ ಒಬ್ಬ ಸಮಾಜ ಕಾರ್ಯಕರ್ತರು, ಅಲ್ಲಿನ ಭಾಷೆಯಲ್ಲಿ ಕೇಸ್ ವರ್ಕರ್, ಫರ್ನಿಚರ್ ಬ್ಯಾಂಕ್‌ನ ಫಾರಂ ತುಂಬಿ ಕಳಿಸಬೇಕು. ಎಷ್ಟು ಜನ, ಯಾವ ವಯಸ್ಸಿನ ಮಕ್ಕಳು, ಮನೆ ಎಲ್ಲಿ, ಏನೇನು ಇಲ್ಲ, ಇಷ್ಟು ಅದರಲ್ಲಿರುತ್ತದೆ.

ಯಾಕೆ ಈ ರಗಳೆ ಅಂತ ಮೊದಮೊದಲು ನನಗೂ ಅನ್ನಿಸುತ್ತಿತ್ತು. ಕಷ್ಟದಲ್ಲಿರುವವರನ್ನು ಇನ್ನೊಂದು ಸಲ ಅಲೆದಾಡಿಸುವುದು ಯಾಕೆ? ಆಮೇಲೆ ತಿಳಿಯಿತು. ಇಲ್ಲಿ ಕೆಲಸ ಮಾಡುವವರಲ್ಲಿ ಮುಕ್ಕಾಲು ಪಾಲು ನನ್ನಂಥ ಸ್ವಯಂಸೇವಕರು. ಯಾರಿಗೆ ನಿಜವಾಗಿ ಕಷ್ಟ ಇದೆ ಅಂತ ಸಂಬಳದ ಚೀಟಿ, ಬ್ಯಾಂಕ್ ಸ್ಟೇಟ್‌ಮೆಂಟ್ ನೋಡಿ ತೀರ್ಮಾನಿಸುವ ತಾಕತ್ತು ನಮಗಿಲ್ಲ, ಇರಬಾರದು ಕೂಡ. ಆ ಕೆಲಸ ಕೇಸ್ ವರ್ಕರ್ ಆಗಲೇ ಮಾಡಿರುತ್ತಾರೆ. ಹಾಗಾಗಿ ಗೋಡೌನ್‌ಗೆ ಬಂದ ಹೆಂಗಸನ್ನು ಯಾರೂ "ನಿಮಗೆ ಯಾಕೆ ಬೇಕು" ಅಂತ ಕೇಳುವುದಿಲ್ಲ. "ಯಾವ ಬಣ್ಣದ್ದು ಬೇಕು" ಅಂತ ಕೇಳುತ್ತಾರೆ.

ರೆಫರಲ್ ಕೊಡಬಲ್ಲವರು ನೀವು ಅಂದುಕೊಂಡಿರುವುದಕ್ಕಿಂತ ಜಾಸ್ತಿ ಜನ ಇದ್ದಾರೆ. ಶೆಲ್ಟರ್‌ನವರು, ಆಸ್ಪತ್ರೆಯ ಸೋಷಿಯಲ್ ವರ್ಕರ್, ನಿರಾಶ್ರಿತರನ್ನು ನೆಲೆಗೊಳಿಸುವ ಸಂಸ್ಥೆ, ಮಾಜಿ ಸೈನಿಕರಾದರೆ ವಿ.ಎ. ಅನ್ನುವ ಅವರ ಇಲಾಖೆಯ ಕಚೇರಿ, ಕೆಲವು ಕಡೆ ಚರ್ಚ್. ಮಕ್ಕಳಿದ್ದರೆ ಶಾಲೆ. ಇದು ಬಹಳ ಜನಕ್ಕೆ ಗೊತ್ತಿಲ್ಲ. ಮೆಕಿನಿ-ವೆಂಟೊ ಕಾನೂನಿನ ಪ್ರಕಾರ ಪ್ರತಿ ಶಾಲಾ ಜಿಲ್ಲೆಯಲ್ಲೂ ಮನೆ ಕಳೆದುಕೊಂಡ ಮಕ್ಕಳನ್ನು ನೋಡಿಕೊಳ್ಳಲು ಒಬ್ಬ ಅಧಿಕಾರಿ ಇರಲೇಬೇಕು. ಮನೆ ಇಲ್ಲದೆ ಬಂಧುಗಳ ಹಾಲ್‌ನಲ್ಲಿ ಮಲಗುತ್ತಿರುವ ಮಕ್ಕಳೂ ಆ ಲೆಕ್ಕಕ್ಕೆ ಬರುತ್ತಾರೆ.

ಯಾರೂ ಗೊತ್ತಿಲ್ಲವೇ? ಫೋನಿನಲ್ಲಿ 211 ಒತ್ತಿ. ಪೊಲೀಸರಿಗೆ 911 ಇದ್ದಂತೆ ಇದು ಸಹಾಯ ಹುಡುಕುವ ನಂಬರ್. 1997ರಲ್ಲಿ ಅಟ್ಲಾಂಟಾದಲ್ಲಿ ಶುರುವಾಯಿತು, 2000ದಲ್ಲಿ ಇಡೀ ದೇಶಕ್ಕೆ ಆ ನಂಬರ್ ಮೀಸಲಾಯಿತು. ಸುಮ್ನೆ "ಫರ್ನಿಚರ್ ಬೇಕು" ಅನ್ನಬೇಡಿ. "ನಮ್ಮ ಕೌಂಟಿಯಲ್ಲಿ ಫರ್ನಿಚರ್ ಬ್ಯಾಂಕ್ ಯಾವುದು, ಅದಕ್ಕೆ ರೆಫರಲ್ ಯಾರು ಕೊಡ್ತಾರೆ" ಅಂತ ಕೇಳಿ. ಈ ಎರಡನೇ ಅರ್ಧವೇ ಮುಖ್ಯ. ಭಾಷೆ ತೊಡಕಾದರೆ ಅನುವಾದಕರು ಬೇಕು ಅಂತ ಕೇಳಬಹುದು.

ಕನ್ನಡದ ಹೆಣ್ಣುಮಕ್ಕಳಿಗಾಗಿ ಇಲ್ಲಿ ಸ್ವಲ್ಪ ನಿಲ್ಲುತ್ತೇನೆ. ಗಂಡನ ವೀಸಾ ಮೇಲೆ ಬಂದು, ಸ್ವಂತ ದುಡ್ಡಿಲ್ಲದೆ, ಹೊಡೆತ ತಿಂದುಕೊಂಡು, "ಮನೆ ಬಿಟ್ಟರೆ ಮಕ್ಕಳನ್ನು ಎಲ್ಲಿ ಮಲಗಿಸಲಿ" ಅಂತ ಒಳಗೇ ಕೂತವರು ನಮ್ಮವರಲ್ಲೂ ಇದ್ದಾರೆ. ಕನ್ನಡ ಕೂಟದ ರಾಜ್ಯೋತ್ಸವದಲ್ಲಿ ನಮ್ಮ ಪಕ್ಕದಲ್ಲೇ ಕೂತು ಊಟ ಮಾಡಿರುತ್ತಾರೆ. ಫರ್ನಿಚರ್ ಬ್ಯಾಂಕ್‌ನ ಬಾಗಿಲು ನಿಜವಾಗಿ ಇರುವುದು ಇಂಥವರಿಗೇ. ದಕ್ಷಿಣ ಏಷ್ಯಾದ ಹೆಂಗಸರಿಗಾಗಿಯೇ ಇರುವ ಸಂಸ್ಥೆಗಳಿವೆ: ನ್ಯೂಜೆರ್ಸಿಯ ಮಾನವಿ 1985ರಿಂದ ಇದೆ, ನ್ಯೂಯಾರ್ಕ್‌ನಲ್ಲಿ ಸಖಿ, ಕ್ಯಾಲಿಫೋರ್ನಿಯಾದ ಬೇ ಏರಿಯಾದಲ್ಲಿ ಮೈತ್ರಿ, ನಮ್ಮ ಬಾಸ್ಟನ್ ಕಡೆ ಸಹೇಲಿ. ಅತ್ತೆ ಮಾವ, ಊರಿನ ಮಾತು, ವೀಸಾದ ಭಯ, ಇದನ್ನೆಲ್ಲಾ ಮೊದಲಿಂದ ಬಿಡಿಸಿ ಹೇಳುವ ಕಷ್ಟ ಅಲ್ಲಿರುವುದಿಲ್ಲ. ಮುಂದೆ ಮನೆ ಮಾಡಿಕೊಡುವ ಹೊತ್ತಿಗೆ ರೆಫರಲ್ ವಿಷಯವನ್ನೂ ಅವರ ಹತ್ತಿರವೇ ಕೇಳಿ. ಯಾವ ಊರಲ್ಲಿದ್ದರೂ ಕೌಟುಂಬಿಕ ಹಿಂಸೆಯ ರಾಷ್ಟ್ರೀಯ ಸಹಾಯವಾಣಿ 1-800-799-7233 ದಿನದ ಇಪ್ಪತ್ತನಾಲ್ಕು ಗಂಟೆಯೂ ತೆರೆದಿರುತ್ತದೆ.

ರೆಫರಲ್ ಆದ ಮೇಲೆ ಏನು? ಕಾಯುವುದು. ಕೆಲವು ಕಡೆ ವಾರ, ಕೆಲವು ಕಡೆ ತಿಂಗಳು. ಆಮೇಲೆ ಒಂದು ದಿನ, ಒಂದು ಹೊತ್ತು ಗೊತ್ತು ಮಾಡುತ್ತಾರೆ. ತಪ್ಪಿಸಿಕೊಳ್ಳಬೇಡಿ, ಮತ್ತೆ ಸಾಲಿನ ಕೊನೆಗೆ ಹೋಗುತ್ತೀರಿ. ಒಳಗೆ ಅಂಗಡಿಯ ಥರವೇ ಇರುತ್ತದೆ. ಇಷ್ಟು ಜನಕ್ಕೆ ಇಷ್ಟು ಮಂಚ, ಒಂದು ಸೋಫಾ, ಒಂದು ಊಟದ ಮೇಜು, ಕುರ್ಚಿ, ಬಟ್ಟೆ ಇಡುವ ಡ್ರೆಸ್ಸರ್, ದೀಪ, ಪಾತ್ರೆ, ಹೊದಿಕೆ ಅಂತ ಲೆಕ್ಕ ಇರುತ್ತದೆ. ಆ ಲೆಕ್ಕದೊಳಗೆ ಆರಿಸಿಕೊಳ್ಳುವುದು ನೀವೇ. ಟಿ.ವಿ., ವಾಷಿಂಗ್ ಮಷಿನ್ ಸಾಮಾನ್ಯವಾಗಿ ಇರುವುದಿಲ್ಲ. ಕುಕ್ಕರ್ ಅಂತೂ ಕೇಳಲೇಬೇಡಿ. ಮೂರು ವರ್ಷದಲ್ಲಿ ನಾನು ನೋಡಿದ್ದು ಒಂದೇ ಒಂದು ಪ್ರೆಶರ್ ಕುಕ್ಕರ್, ಅದಕ್ಕೂ ವಿಷಲ್ ಇರಲಿಲ್ಲ.

ಒಂದು ಸಲ ಒಬ್ಬ ತಾಯಿಯ ಜೊತೆ ಸುತ್ತಾಡುತ್ತಿದ್ದೆ. ಮಂಚ, ಸೋಫಾ ಎಲ್ಲಾ ಐದು ನಿಮಿಷದಲ್ಲಿ ಆಯಿತು. ಟೀ ಕಪ್‌ಗಳ ಮುಂದೆ ಮಾತ್ರ ಇಪ್ಪತ್ತು ನಿಮಿಷ ನಿಂತರು. ಒಂದೊಂದನ್ನೇ ಎತ್ತಿ, ಬೆಳಕಿಗೆ ಹಿಡಿದು, ಒಂದೇ ಥರದ ನಾಲ್ಕು ಸಿಗುವ ತನಕ ಬಿಡಲಿಲ್ಲ. ಮನೆಗೆ ಯಾರಾದರೂ ಬಂದರೆ ಅಂತ ಅಷ್ಟೇ ಹೇಳಿದರು.

ಇಷ್ಟೆಲ್ಲಾ ಆದ ಮೇಲೆ ಜನ ಎಡವುವುದು ಟ್ರಕ್ ವಿಷಯದಲ್ಲಿ. ಸಾಮಾನು ಫ್ರೀ ಅಂದರೆ ಮನೆ ಬಾಗಿಲಿಗೆ ಫ್ರೀ ಅಂತಲ್ಲ. ಕೆಲವರು ತಾವೇ ತಂದು ಕೊಡುತ್ತಾರೆ, ಕೆಲವರು ಸಾಗಣೆಗೆ ದುಡ್ಡು ತಗೊಳ್ಳುತ್ತಾರೆ, ಕೆಲವರು ಅದೇ ದಿನ ನೀವೇ ಗಾಡಿ ತರಬೇಕು ಅನ್ನುತ್ತಾರೆ. ಬಾಡಿಗೆ ಟ್ರಕ್ ಬೋರ್ಡಿನ ಮೇಲೆ ಇಪ್ಪತ್ತು ಡಾಲರ್ ಅಂತ ಬರೆದಿರುತ್ತದೆ. ಮೈಲಿ ಲೆಕ್ಕ, ವಿಮೆ, ಪೆಟ್ರೋಲ್, ತೆರಿಗೆ ಸೇರಿದ ಮೇಲೆ ಬರುವ ಬಿಲ್ಲು ನೋಡಿ ಹೌಹಾರಬೇಕು. ಅದಕ್ಕೇ ಕೇಸ್ ವರ್ಕರ್ ಹತ್ತಿರ ಮೊದಲೇ ಕೇಳಿ: ಸಾಗಣೆ ಖರ್ಚು ಯಾರದು, ನಿಮ್ಮ ಸಂಸ್ಥೆ ಕೊಡುತ್ತದೆಯಾ, ಮೂರನೇ ಮಹಡಿಗೆ ಹತ್ತಿಸುತ್ತಾರಾ ಅಥವಾ ಗೇಟಿನ ಹತ್ತಿರ ಇಳಿಸಿ ಹೋಗುತ್ತಾರಾ. ಕೇಳಲು ನಾಚಿಕೆ ಪಟ್ಟುಕೊಂಡರೆ ಸೋಫಾ ಫುಟ್‌ಪಾತ್ ಮೇಲೇ ಇರುತ್ತದೆ.

ಚೀಟಿಯ ಬಾಗಿಲು, ಅಂಗಡಿಯ ಬಾಗಿಲು

ಫರ್ನಿಚರ್ ಬ್ಯಾಂಕ್ ಇಲ್ಲದ ಊರುಗಳಲ್ಲಿ ಕೆಲಸಕ್ಕೆ ಬರುವುದು ವೋಚರ್, ಅಂದರೆ ಚೀಟಿ. ಸೇಂಟ್ ವಿನ್ಸೆಂಟ್ ಡಿ ಪಾಲ್ ಸೊಸೈಟಿ ಇದರಲ್ಲಿ ಹಳೇ ಹೆಸರು. 1833ರಲ್ಲಿ ಪ್ಯಾರಿಸ್‌ನಲ್ಲಿ ಹುಟ್ಟಿ, 1845ರಲ್ಲಿ ಸೇಂಟ್ ಲೂಯಿಸ್ ಮೂಲಕ ಅಮೆರಿಕಕ್ಕೆ ಬಂತು. ಚರ್ಚ್‌ಗೆ ಸೇರಿದ ಸಣ್ಣ ಸಣ್ಣ ಗುಂಪುಗಳು. ನೀವು ಫೋನ್ ಮಾಡಿದರೆ ಇಬ್ಬರು ಸದಸ್ಯರು ಮನೆಗೇ ಬಂದು ಮಾತಾಡಿಸಿ ಹೋಗುತ್ತಾರೆ. ಆಮೇಲೆ ತಮ್ಮ ಹಳೇ ಸಾಮಾನಿನ ಅಂಗಡಿಗೆ ಒಂದು ಚೀಟಿ ಕೊಡಬಹುದು, ಆ ಚೀಟಿ ತೋರಿಸಿ ಮಂಚವೋ ಮೇಜೋ ತರಬಹುದು. ಕ್ಯಾಥೊಲಿಕ್ ಆಗಿರಬೇಕಿಲ್ಲ. ದೇವರ ಫೋಟೋ ಗೋಡೆ ಮೇಲಿದ್ದರೆ ಅದನ್ನೇನೂ ಇಳಿಸಬೇಡಿ. ಸಾಲ್ವೇಶನ್ ಆರ್ಮಿ ಅನ್ನುವ ಕ್ರೈಸ್ತ ಸೇವಾ ಸಂಸ್ಥೆಯ ಸ್ಥಳೀಯ ಕಚೇರಿಗಳೂ ಕೆಲವು ಕಡೆ ಇಂಥ ಚೀಟಿ ಕೊಡುತ್ತವೆ. ಆದರೆ ಅಂಗಡಿಗೆ ಹೋಗಿ ಕೌಂಟರ್‌ನಲ್ಲಿ ಕೇಳಿದರೆ ಪ್ರಯೋಜನವಿಲ್ಲ. ಚೀಟಿ ಕೊಡುವವರು ಬೇರೆ, ಮಾರುವವರು ಬೇರೆ.

ಇಲ್ಲೇ ನಮ್ಮವರು ತುಂಬಾ ಸಲ ಎಡವುವುದು. ಹಳೇ ಸಾಮಾನು ಮಾರುವ ಗುಡ್‌ವಿಲ್ ಕೂಡ ಚಾರಿಟಿ ತಾನೇ, ಹಾಗಾದರೆ ಫ್ರೀ ಯಾಕಿಲ್ಲ? ಯಾಕೆಂದರೆ ಅದು ಅಂಗಡಿ. 1902ರಲ್ಲಿ ಇದೇ ಬಾಸ್ಟನ್‌ನಲ್ಲಿ ಎಡ್ಗರ್ ಹೆಲ್ಮ್ಸ್ ಅನ್ನುವ ಪಾದ್ರಿ ಶುರು ಮಾಡಿದಾಗಿನಿಂದ ಅದರ ಲೆಕ್ಕಾಚಾರ ಒಂದೇ: ಜನ ಕೊಟ್ಟದ್ದನ್ನು ಮಾರು, ಆ ದುಡ್ಡಲ್ಲಿ ಕೆಲಸವಿಲ್ಲದವರಿಗೆ ಕೆಲಸ, ತರಬೇತಿ ಕೊಡು. ಅಲ್ಲಿ ದೊಡ್ಡ ಫರ್ನಿಚರ್ ಸಿಗುವುದೂ ಕಡಿಮೆ. ದೊಡ್ಡ ಸಾಮಾನಿಗೆ ಹೆಬಿಟ್ಯಾಟ್ ಫಾರ್ ಹ್ಯುಮ್ಯಾನಿಟಿ ಅನ್ನುವ ಸಂಸ್ಥೆಯ ರೀಸ್ಟೋರ್ ಅಂಗಡಿ ವಾಸಿ. 1991ರಲ್ಲಿ ಕೆನಡಾದ ವಿನಿಪೆಗ್‌ನಲ್ಲಿ ಮೊದಲನೆಯದು ತೆರೆಯಿತು, ಮರುವರ್ಷ ಟೆಕ್ಸಸ್‌ನ ಆಸ್ಟಿನ್‌ನಲ್ಲಿ. ಇಲ್ಲಿಗೆ ಯಾರು ಬೇಕಾದರೂ ಹೋಗಬಹುದು, ಬಡವರೇ ಆಗಿರಬೇಕಿಲ್ಲ, ಕೊಂಡ ದುಡ್ಡು ಮನೆ ಕಟ್ಟಿಕೊಡಲು ಹೋಗುತ್ತದೆ. ಗಟ್ಟಿ ಮರದ ಊಟದ ಮೇಜು ಮರದ ಪುಡಿ ಒತ್ತಿ ಮಾಡಿದ ಹಲಗೆಯ ಹೊಸ ಮೇಜಿಗಿಂತ ಅಗ್ಗವಾಗಿ ಸಿಗುವುದುಂಟು. ಹೋದ ದಿನವೇ ಸಿಗುತ್ತದೆ ಅಂತ ಗ್ಯಾರಂಟಿ ಇಲ್ಲ ಅಷ್ಟೇ. ನಾಲ್ಕು ಸಲ ಹೋಗಬೇಕು.

ಮಕ್ಕಳ ಮಂಚಕ್ಕೆ ಬೇರೆಯೇ ದಾರಿ ಇದೆ, ಇದನ್ನು ಮರೆಯಬೇಡಿ. ಸ್ಲೀಪ್ ಇನ್ ಹೆವನ್ಲಿ ಪೀಸ್ ಅಂತ 2012ರಲ್ಲಿ ಐಡಾಹೊದಲ್ಲಿ ಒಬ್ಬರ ಗ್ಯಾರೇಜಿನಲ್ಲಿ ಶುರುವಾದದ್ದು. 3ರಿಂದ 17 ವರ್ಷದ ಮಕ್ಕಳಿಗೆ ಮರದ ಮಂಚ ತಾವೇ ಮಾಡಿ, ಹಾಸಿಗೆ, ದಿಂಬು, ಹೊದಿಕೆ ಸಮೇತ ಮನೆಗೆ ತಂದು ಜೋಡಿಸಿ ಕೊಡುತ್ತಾರೆ. ನಿಮ್ಮ ಊರಲ್ಲಿ ಅವರ ಶಾಖೆ ಇದ್ದರೆ ನೀವೇ ನೇರವಾಗಿ ಅರ್ಜಿ ಹಾಕಬಹುದು.

ಏನೂ ಕೇಳದ ಬಾಗಿಲು

ಈಗ ನನ್ನ ತಮ್ಮನ ಕಥೆಗೆ ಬರೋಣ. ವಿದ್ಯಾರ್ಥಿ ವೀಸಾದಲ್ಲಿ ಬಂದವರಿಗೆ ಫರ್ನಿಚರ್ ಬ್ಯಾಂಕ್ ಸಾಮಾನ್ಯವಾಗಿ ಸಿಗುವುದಿಲ್ಲ. ಸಿಗಬಾರದು ಅಂತಲೂ ನನ್ನ ಅಭಿಪ್ರಾಯ. ಫೀಸು ಕಟ್ಟುತ್ತೇವೆ ಅಂತ ದಾಖಲೆ ತೋರಿಸಿ ಬಂದವರು ಶೆಲ್ಟರ್‌ನಿಂದ ಬಂದ ತಾಯಿಯ ಪಾಲಿನ ಮಂಚಕ್ಕೆ ಕೈ ಹಾಕಬಾರದಲ್ವಾ? ಬಿಟ್ಟಿ ಸಿಕ್ಕಿದರೆ ನಮ್ಮಪ್ಪನಿಗೂ ಒಂದಿರಲಿ ಅನ್ನುವ ಬುದ್ಧಿ ಇಲ್ಲಿ ಬೇಡ. ಕಥೆ ಕಟ್ಟಿ ರೆಫರಲ್ ಹೊಂದಿಸುವ ಐಡಿಯಾಗಳು ವಾಟ್ಸಾಪ್‌ನಲ್ಲಿ ಓಡಾಡುವುದನ್ನು ನೋಡಿದ್ದೇನೆ, ಮೈ ಉರಿಯುತ್ತದೆ.

ಆದರೆ ವಿದ್ಯಾರ್ಥಿಗಳಿಗೆ ಬೇರೆ ಬಾಗಿಲುಗಳು ಧಾರಾಳವಾಗಿವೆ. ತುಂಬಾ ಯೂನಿವರ್ಸಿಟಿಗಳ ಹತ್ತಿರ ಚರ್ಚ್‌ನವರು ಆಗಸ್ಟ್‌ನಲ್ಲಿ ಹೊರದೇಶದ ವಿದ್ಯಾರ್ಥಿಗಳಿಗೆ ಅಂತಲೇ ಫರ್ನಿಚರ್ ಹಂಚುತ್ತಾರೆ, ಕೆಲವರು ವ್ಯಾನಿನಲ್ಲಿ ಮನೆ ತನಕ ತಂದೂ ಕೊಡುತ್ತಾರೆ. ದಿನಾಂಕ ಯಾವಾಗ ಅಂತ ಕಾಲೇಜಿನ ಅಂತರರಾಷ್ಟ್ರೀಯ ವಿದ್ಯಾರ್ಥಿ ಕಚೇರಿಯಲ್ಲಿ ಕೇಳಿದರೆ ಗೊತ್ತಾಗುತ್ತದೆ. ಬೈಬಲ್ ತರಗತಿಗೆ ಬನ್ನಿ ಅಂತ ಒಂದು ಕರಪತ್ರ ಕೈಗೆ ಬರಬಹುದು. ನಯವಾಗಿ ತಗೊಳ್ಳಿ, ಹೋಗುವುದು ಬಿಡುವುದು ನಿಮ್ಮಿಷ್ಟ.

ಬೈ ನಥಿಂಗ್ ಗುಂಪುಗಳು 2013ರಲ್ಲಿ ವಾಷಿಂಗ್ಟನ್ ರಾಜ್ಯದ ಬೇನ್‌ಬ್ರಿಜ್ ದ್ವೀಪದಲ್ಲಿ ಶುರುವಾದವು, ಅದಕ್ಕೂ ಮೊದಲು 2003ರಲ್ಲಿ ಅರಿಜೋನಾದಲ್ಲಿ ಫ್ರೀಸೈಕಲ್. ಅಕ್ಕಪಕ್ಕದವರು ಒಬ್ಬರಿಗೊಬ್ಬರು ಸುಮ್ನೆ ಕೊಡುವುದು, ದುಡ್ಡಿನ ಮಾತೇ ಇಲ್ಲ. ಇಲ್ಲಿ ಒಂದು ಸಣ್ಣ ಜಾಣತನ ಇದೆ. "ಬೇಕು" ಅಂತ ಒಂದು ಪದ ಬರೆದವರಿಗಿಂತ, "ನಾನು ಹೊಸದಾಗಿ ಬಂದ ವಿದ್ಯಾರ್ಥಿ, ಇವತ್ತು ಸಂಜೆ ಆರಕ್ಕೆ ಸ್ನೇಹಿತನ ಕಾರಿನಲ್ಲಿ ಬಂದು ತಗೊಂಡು ಹೋಗುತ್ತೇನೆ" ಅಂತ ಬರೆದವರಿಗೆ ಬೇಗ ಸಿಗುತ್ತದೆ. ಕೊಡುವವರಿಗೆ ಬೇಕಿರುವುದು ಸಾಮಾನು ಮನೆಯಿಂದ ಹೊರಗೆ ಹೋಗುವುದು, ಮೊದಲೇ ಹೇಳಿದೆನಲ್ಲ.

ಬಾಸ್ಟನ್‌ನಲ್ಲಿ ಇದರ ದೊಡ್ಡ ಜಾತ್ರೆ ಸೆಪ್ಟೆಂಬರ್ 1. ಊರಿನ ಎಷ್ಟೋ ಬಾಡಿಗೆ ಕರಾರುಗಳು ಆ ಒಂದೇ ದಿನ ಬದಲಾಗುತ್ತವೆ. ಆಲ್‌ಸ್ಟನ್ ಅನ್ನುವ ವಿದ್ಯಾರ್ಥಿಗಳ ಬಡಾವಣೆಯಲ್ಲಿ ಫುಟ್‌ಪಾತ್ ತುಂಬಾ ಮೇಜು, ಕುರ್ಚಿ, ಕಪಾಟು. ಆಲ್‌ಸ್ಟನ್ ಕ್ರಿಸ್ಮಸ್ ಅಂತಲೇ ಅದಕ್ಕೆ ಹೆಸರು. ಮಳೆ ಬರುವುದರೊಳಗೆ ಎತ್ತಿಕೊಳ್ಳಬೇಕು.

ಹಲ್ಲು ಎಣಿಸಲೇಬೇಕು

ದಾನಕ್ಕೆ ಬಂದ ಎಮ್ಮೆಯ ಹಲ್ಲು ಎಣಿಸಬಾರದು ಅನ್ನುತ್ತಾರೆ. ಹಳೇ ಫರ್ನಿಚರ್ ವಿಷಯದಲ್ಲಿ ಎಣಿಸಿ, ಟಾರ್ಚ್ ಹಾಕಿ ಎಣಿಸಿ. ಮೊದಲ ಶತ್ರು ತಿಗಣೆ. ನಮ್ಮ ಕಾಲದ ಸಿನಿಮಾ ಟಾಕೀಸಿನ ತಿಗಣೆ ಅಂತ ನಗಬೇಡಿ, ಇಲ್ಲಿ ಒಂದು ಸಲ ಮನೆ ಹೊಕ್ಕರೆ ಓಡಿಸಲು ಸಾವಿರಾರು ಡಾಲರ್ ಆಗಬಹುದು. ಸೋಫಾದ ಹೊಲಿಗೆ, ಕುರ್ಚಿಯ ಕೆಳಭಾಗ, ಡ್ರಾಯರ್‌ನ ಮೂಲೆ ನೋಡಿ. ಕಾಳುಮೆಣಸಿನ ಪುಡಿ ಉದುರಿದಂತೆ ಕಪ್ಪು ಚುಕ್ಕೆ ಕಂಡರೆ ಅಲ್ಲೇ ಬಿಟ್ಟು ಬನ್ನಿ. ರಸ್ತೆಯ ಹಾಸಿಗೆಯನ್ನಂತೂ ಎಷ್ಟೇ ಚೆನ್ನಾಗಿ ಕಂಡರೂ ಮುಟ್ಟಬೇಡಿ. ಪರದೆ, ಹೊದಿಕೆ ಥರದ್ದಾದರೆ ಡ್ರೈಯರ್‌ನಲ್ಲಿ ಜೋರು ಬಿಸಿಗೆ ಅರ್ಧ ಗಂಟೆ ಹಾಕಿದರೆ ತಿಗಣೆ ಸಾಯುತ್ತದೆ. ಫರ್ನಿಚರ್ ಬ್ಯಾಂಕ್‌ಗಳು ಈ ವಿಷಯದಲ್ಲಿ ಬಹಳ ಕಟ್ಟುನಿಟ್ಟು. ಕೆಲವರು ಹಳೇ ಹಾಸಿಗೆ ತಗೊಳ್ಳುವುದೇ ಇಲ್ಲ, ದುಡ್ಡು ಕೂಡಿಸಿ ಹೊಸದನ್ನೇ ತರುತ್ತಾರೆ.

ಮಕ್ಕಳಿದ್ದರೆ ಇನ್ನೆರಡು ಮಾತು. ಒಂದು ಪಕ್ಕ ಕೆಳಗೆ ಜಾರುವ ಹಳೇ ತೊಟ್ಟಿಲು ಮಂಚಗಳನ್ನು ಅಮೆರಿಕದಲ್ಲಿ 2011ರ ಜೂನ್‌ನಿಂದ ಮಾರುವ ಹಾಗಿಲ್ಲ, ಮಕ್ಕಳು ಸಿಕ್ಕಿಕೊಂಡು ಸತ್ತಿದ್ದರಿಂದ ಬಂದ ನಿಯಮ ಅದು. ಅಟ್ಟದಿಂದ ಇಳಿಸಿ ಪ್ರೀತಿಯಿಂದ ಕೊಡುವವರಿದ್ದಾರೆ, ಬೇಡ ಅನ್ನಿ. ಇನ್ನೊಂದು ಡ್ರೆಸ್ಸರ್. ಮಗು ಡ್ರಾಯರ್ ಎಳೆದು ಮೆಟ್ಟಿಲಂತೆ ಹತ್ತಿದರೆ ಮೈಮೇಲೆ ಬೀಳುತ್ತದೆ. ಬೀಳದಂತೆ ಮಾಡಲೇಬೇಕು ಅನ್ನುವ ಕಡ್ಡಾಯ ನಿಯಮ 2023ರ ಸೆಪ್ಟೆಂಬರ್‌ನಿಂದ ತಯಾರಾದವಕ್ಕೆ ಮಾತ್ರ. ನಿಮಗೆ ಸಿಗುವುದು ಬಹುತೇಕ ಅದಕ್ಕಿಂತ ಹಳೆಯದು. ಕೆಲವೇ ಡಾಲರ್‌ಗೆ ಗೋಡೆಗೆ ಬಿಗಿಯುವ ಪಟ್ಟಿ ಸಿಗುತ್ತದೆ, ಮೊದಲ ದಿನವೇ ಬಿಗಿಯಿರಿ.

ಮೋಸದ ಬಗ್ಗೆಯೂ ಒಂದು ಮಾತು. ಸಾಗಣೆಗೆ ದುಡ್ಡು ಕೇಳುವುದು ಮಾಮೂಲು. ಆದರೆ "ಅರ್ಜಿ ಶುಲ್ಕ" ಅಂತಲೋ, ಗಿಫ್ಟ್ ಕಾರ್ಡ್ ನಂಬರ್ ಕಳಿಸಿ ಅಂತಲೋ ಕೇಳಿದರೆ ಅದು ಚಾರಿಟಿ ಅಲ್ಲ. ನೋಡದ ಸೋಫಾಗೆ ಮುಂಗಡ ಕಳಿಸಿ ಕೈ ಸುಟ್ಟುಕೊಂಡ ನಮ್ಮ ಹುಡುಗರು ಬೇಕಾದಷ್ಟಿದ್ದಾರೆ.

ಇಂಗ್ಲೆಂಡಿನಲ್ಲಿರುವವರಿಗೆ ದಾರಿ ಸ್ವಲ್ಪ ಬೇರೆ. ಅಲ್ಲಿ ಚಾರಿಟಿ ಅಂಗಡಿಗಳ ಜಾಲ ದೊಡ್ಡದು, ಬ್ರಿಟಿಷ್ ಹಾರ್ಟ್ ಫೌಂಡೇಶನ್‌ಗೆ ಫರ್ನಿಚರ್‌ಗೆ ಅಂತಲೇ ಅಂಗಡಿಗಳಿವೆ. 1988ರ ನಿಯಮದ ಪ್ರಕಾರ ಸೋಫಾಗೆ ಬೆಂಕಿ ಸುರಕ್ಷತೆಯ ಲೇಬಲ್ ಇರಬೇಕು. ನೀವು ಕೊಡುವಾಗ ಆ ಚೀಟಿ ಕತ್ತರಿಸಿ ಹಾಕಿದ್ದರೆ ಅವರು ತಗೊಳ್ಳುವುದಿಲ್ಲ. ಮೊದಲು ಕೇಂದ್ರ ಸರ್ಕಾರದ ಸೋಷಿಯಲ್ ಫಂಡ್‌ನಿಂದ ಇಂಥದ್ದಕ್ಕೆ ಹಣ ಸಿಗುತ್ತಿತ್ತು, 2013ರಲ್ಲಿ ಅದು ನಿಂತು ಊರೂರಿನ ಸ್ಥಳೀಯ ಆಡಳಿತದ, ಅಂದರೆ ಕೌನ್ಸಿಲ್‌ಗಳ ಪಾಲಾಯಿತು. ಒಂದು ಎಚ್ಚರಿಕೆ: ವೀಸಾ ಮೇಲೆ "ಸರ್ಕಾರಿ ಹಣದ ಸಹಾಯ ಇಲ್ಲ" ಅನ್ನುವ ಷರತ್ತಿರುವವರು ಕೌನ್ಸಿಲ್‌ನ ಸಹಾಯಕ್ಕೆ ಅರ್ಜಿ ಹಾಕುವ ಮೊದಲು ವಲಸೆ ಸಲಹೆಗಾರರನ್ನು ಕೇಳಬೇಕು. ಚಾರಿಟಿ ಅಂಗಡಿಯಲ್ಲಿ ಕೊಳ್ಳಲು ಆ ತೊಂದರೆ ಇಲ್ಲ.

ನನ್ನ ತಮ್ಮನಿಗೆ ಚರ್ಚ್‌ನವರ ಹಂಚಿಕೆಯಲ್ಲಿ ಎರಡು ಕುರ್ಚಿ, ಒಂದು ದೀಪ ಸಿಕ್ಕವು. ಹಾಸಿಗೆ ಮಾತ್ರ ಹೊಸದು ಕೊಂಡ, ಅಗ್ಗದ್ದು. ಬೈ ನಥಿಂಗ್‌ನಲ್ಲಿ ಒಬ್ಬ ಅಜ್ಜಿ ಓಕ್ ಮರದ ಊಟದ ಮೇಜು ಕೊಟ್ಟರು. ಟ್ರಕ್ ಬಾಡಿಗೆ ಉಳಿಸಬೇಕು ಅಂತ ಅವರ ಅಂಗಳದಲ್ಲೇ ನಾಲ್ಕೂ ಕಾಲು ಬಿಚ್ಚಿ, ಸೀಟು ಮಡಚಿ, ನನ್ನ ಸಣ್ಣ ಕಾರಿನಲ್ಲಿ ತುರುಕಿಕೊಂಡು ಬಂದೆವು. ಮನೆಗೆ ಬಂದು ಜೋಡಿಸಿದರೆ ಒಂದು ಬೋಲ್ಟ್ ಕಡಿಮೆ. ಈಗಲೂ ಆ ಮೂಲೆಯಲ್ಲಿ ಯಾರೂ ಕೈ ಊರುವುದಿಲ್ಲ.